ಮಗಳ ಕಾಲೇಜಿನ ಟ್ರೇನಿಂಗ್ ರೆಸ್ಟೋರೆಂಟಿಗೆ ಅಪ್ಪನ್ನ ಊಟಕ್ಕ ಕರ್ಕೊಂಡ್ ಹೋಗಬೇಕಾಗ್ಯಾದ, ಯಾರರ ಹೋಗಿದ್ರ ಹೇಳ್ರಿ

ಶಾಬಾದಕಲ್ಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ನನ್ ಮಗಳು ಹೋಟೆಲ್ ಮ್ಯಾನೇಜ್ಮೆಂಟ್ ಓದ್ಲತ್ತಾಳ, ಸೆಕೆಂಡ್ ಇಯರ್, ಇಲ್ಲೇ ನಮ್ ಕಡಿನ ಒಂದ್ ಕಾಲೇಜು, ಹೆಸರು ಬ್ಯಾಡ ಬಿಡ್ರಿ. ಅಲ್ಲಿ ಹುಡುಗ್ರೇ ನಡಸೋ ಒಂದ್ ರೆಸ್ಟೋರೆಂಟ್ ಅದ, ವಾರದಾಗ ಎರಡ್ ದಿನ ಮದ್ಯಾನ ಅಷ್ಟೇ, ಮೊದ್ಲೇ ಹೆಸರು ಬರಸಬೇಕು, ತಲಿಗಿ 220 ರೂಪಾಯಿ, ಅಡಗಿ ಮಾಡೋರೂ ಅವ್ರೇ ಬಡಸೋರೂ ಅವ್ರೇ ಬಿಲ್ ಹರ್ಯೋರೂ ಅವ್ರೇ. ಮುಂದಿನ ಗುರುವಾರ ಇಕಿ ಪಾಳಿ ಬಡಸೋದ್ರಾಗ ಬಂದದಂತ, ಅದಕ್ಕ ಎಲ್ಲರೂ ಬರ್ರಿ ಅಂತ ಗಂಟ ಬಿದ್ದಾಳ, ಅದ್ರಾಗೂ ಮುತ್ಯಾ ಬರ್ಲೇಬೇಕಂತ.

ತ್ರಾಸ್ ಅಲ್ಲೇ ಅದ ನೋಡ್ರಿ. ನಮ್ಮಪ್ಪಗ 87. ನಿಜಾಮನ ಕಾಲದಾಗ ನಾಲ್ಕನೇತ್ತ ತನ ಉರ್ದು ಸಾಲಿ ಕಲ್ತಂವ, ಆಮ್ಯಾಲ ನಲವತ್ತ್ ವರ್ಷ ಕಿರಾಣಿ ಅಂಗಡಿ ನಡಿಸ್ಯಾನ, ಯಾರ ಮಾತೂ ಕೇಳೋದಿಲ್ಲ. ಮಗಳಿಗಿ ಈ ಕೋರ್ಸಿಗೆ ಹಾಕೋ ಟೈಮ್ನ್ಯಾಗ ಮನ್ಯಾಗ ದೊಡ್ಡ್ ತಕ್ರಾರ್ ಆಗಿತ್ತು, "ಅಡಗಿ ಕಲಿಲಾಕ ಫೀಸ್ ಕಟ್ಟತೀಯೇನ್ ಮಗನ, ನಿಮ್ಮವ್ವ ಯಾ ಕಾಲೇಜಿಗಿ ಹೋಗಿದ್ಳು" ಅಂತ ಒಂದ್ ವಾರ ನನ್ ಸಂಗಟ ಮಾತ್ ಬಿಟ್ಟಿದ್ದ. ಈಗ ಅದೇ ಕಾಲೇಜಿಗಿ ಊಟಕ್ಕ ಬಾ ಅಂದ್ರ ಹೆಂಗ್ ಬರ್ತಾನ, ಆದ್ರೂ ಮೊಮ್ಮಗಳು ಕರದ್ಲಂತ ಹೂಂ ಅಂದಾನ. ಅಂವಗ ಬರೊಬ್ಬರಿ ಹನ್ನೆರಡೂವರಿಗಿ ಊಟ ಬೇಕು, ರೊಟ್ಟಿ ಹಂಚಿನ ಮ್ಯಾಗಿಂದ ಸೀದಾ ತಾಟಿಗಿ ಬರಬೇಕು, ಇಲ್ಲಂದ್ರ ಎದ್ದೇ ಹೋಗ್ತಾನ, ಬೀಗರ ಮನ್ಯಾಗೂ ಎದ್ದ್ ಹೋಗಿದ್ದು ಅದ.

ಅದಕ್ಕ ಕೇಳ್ಳತ್ತೀನಿ, ಅಲ್ಲಿ ಟೈಮಿಗಿ ಊಟ ಸಿಗ್ತದ? ಅಪ್ಪನ ಸಲುವಾಗಿ ಬ್ಯಾರೆ ಏನರ ಮಾಡ್ಸಬಹುದಾ? ಟಿಪ್ಸ್ ಕೊಡಬೇಕಾ, ಸ್ವಂತ ಮಗಳಿಗಿ ಟಿಪ್ಸ್ ಕೊಡೋದ್ ಅಂದ್ರ ನಗೂನೂ ಬರ್ತದ. ಮತ್ತ ಊಟ ಆದ್ಮ್ಯಾಲ ಒಂದ್ ಕಾರ್ಡ್ ಕೊಡ್ತಾರಂತ ಹೆಂಗಿತ್ತು ಬರೀರಿ ಅಂತ, ಅದ್ರಾಗ ಖರೇ ಬರದ್ರ ಹುಡುಗ್ರ ಮಾರ್ಕ್ಸ್ ಕಟ್ ಆಗ್ತಾವೇನು? ಅಪ್ಪ ಅಂತೂ ಖರೇನೇ ಬರೀತಾನ, ಅದೇ ಫಿಕರ್.

ಎಮ್ಮೆಸ್ಕೆಮಿಲ್_ಹುಡ್ಗ (ಈಗ ಹೈದರಾಬಾದ್)

ಅಣ್ಣಾ ನಾನೂ ಅದೇ ಲೈನಿನಂವ, ಓದಿ ಹನ್ನೆರಡ್ ವರ್ಷ ಆಯ್ತು, ಈಗ ಇಲ್ಲಿ ಒಂದ್ ಹೋಟೆಲಿನ ಕಿಚನ್ನ್ಯಾಗ ಹಾನ್. ನೀವ್ ಹೇಳಿದ್ ಓದಿ ನಮ್ಮ ಟ್ರೇನಿಂಗ್ ರೆಸ್ಟೋರೆಂಟ್ ಕಣ್ಣಿಗಿ ಬಂತು, ಜರಾ ಉದ್ದ ಬರೀತೀನಿ ಬೇಜಾರ್ ಆಗಬ್ಯಾಡ್ರಿ.

ಮೊದ್ಲ ಒಳಗ ಏನ್ ನಡೀತದ ಅಂತ ತಿಳ್ಕೊರ್ರಿ, ಅದ್ ತಿಳದ್ರ ಲೇಟ್ ಯಾಕ ಆಗ್ತದ ಗೊತ್ತಾಗ್ತದ. ಊಟ ಹನ್ನೆರಡೂವರಿಗಿ ಅಂದ್ರ ಹುಡುಗ್ರು ಬೆಳಗ್ಗೆ ಏಳೂವರಿ ಎಂಟಕ್ಕೆಲ್ಲ ಲೈನಿಗಿ ನಿಂತಿರ್ತಾರ, ಉಗರು ನೋಡ್ತಾರ, ಗಡ್ಡ ನೋಡ್ತಾರ, ಹುಡ್ಗ್ಯಾರ ಕೂದಲಾ ನೆಟ್ಟಿನ ಒಳಗ ಅದನೋ ಇಲ್ಲೋ ನೋಡ್ತಾರ, ಶೂ ಪಾಲಿಷ್ ಇಲ್ಲಂದ್ರ ವಾಪಸ್. ಆಮ್ಯಾಲ ಹೆಚ್ಚೋದು, ಅಳಿಯೋದು, ಕುದಸೋದು, ಇದಕ್ಕೆಲ್ಲ ಮೀಸಾನ್‌ಪ್ಲಾಸ್ ಅಂತ ಫ್ರೆಂಚ್ ಹೆಸರು, ನಮ್ಮವ್ವ ಕೇಳಿ "ಹಸನ ಮಾಡ್ಕೊಳ್ಳೋದಕ್ಕ ಇಷ್ಟ್ ದೊಡ್ಡ್ ಹೆಸರಾ" ಅಂದಿದ್ಳು. ಹನ್ನೊಂದೂವರಿಗಿ ಬ್ರೀಫಿಂಗ್, ಶೆಫ್ ಸರ್ ಎಲ್ಲಾದ್ರಾಗೂ ಒಂದೊಂದ್ ಚಮಚ ರುಚಿ ನೋಡ್ತಾರ, ಬಡಸೋ ಹುಡುಗ್ರು ಆವತ್ತಿನ ಮೆನು ಬಾಯಿಪಾಠ ಹೇಳಬೇಕು, ಯಾದ್ರಾಗ ಶೇಂಗಾ ಅದ ಯಾದ್ರಾಗ ಹಾಲಿಂದ್ ಅದ ಎಲ್ಲ.

ಪಾಳಿ ದಿನಾ ಬದಲಾಗ್ತದ. ಇವತ್ತ್ ಒಲಿ ಮುಂದ ಇದ್ದಂವ ನಾಳಿಗಿ ಭಾಂಡಿ ತೊಳಿಯೋ ಕಡಿ, ನಾಡದ್ದು ಟೇಬಲ್ ಕಡಿ. ಅಂದ್ರ ಯಾರಿಗೂ ಯಾ ಕೆಲ್ಸಾನೂ ಕೈಗಿ ಕುಂತಿರೋದಿಲ್ಲ, ಕುಂದ್ರೋ ಹೊತ್ತಿಗಿ ಪಾಳಿ ಬದಲಿ. ಖರೇ ಹೋಟೆಲಿನ್ಯಾಗ ಒಬ್ಬಂವ ಆರ್ ವರ್ಷದಿಂದ ಅದೇ ತಂದೂರಿನ ಮುಂದ ನಿಂತಿರ್ತಾನ, ಅದಕ್ಕ ಅಲ್ಲಿ ಹತ್ತ್ ನಿಮಿಷಕ್ಕ ಬರ್ತದ. ಇಲ್ಲಿ ಆರ್ಡರ್ ಕೂಗಿ ಹೇಳಲಾಕ ಒಬ್ಬ್ ಹುಡ್ಗ ಇರ್ತಾನ, ಅವನಿಗಿ ಅಬಾಯರ್ ಅಂತಾರ, ಅಂವ ಮೊದಲ್ನೇ ಸಲ ಆ ಜಾಗಾದಾಗ ನಿಂತಿದ್ರ ಮೂರ್ ಕೆಓಟಿ (ಆರ್ಡರ್ ಬರದ ಚೀಟಿ) ಒಮ್ಮೆ ಬಂದ ಕೂಡ್ಲೇ ದನಿ ಹೋಗ್ತದ. ನಂದು ಹೋಗಿತ್ತು. ಶೆಫ್ ಸರ್ ಹಿಂದ ನಿಂತು "ಕೂಗೋ, ಮದವಿ ಮನ್ಯಾಗ ಕೂಗದಂಗ ಕೂಗು" ಅಂತಿದ್ರು.

ಹಂಗಾಗಿ ಏನ್ ಮಾಡ್ರಿ ಅಂದ್ರ, ಬಾಗಿಲಾ ತೆಗಿಯೋ ಹೊತ್ತಿಗೇ ಹೋಗಿ ಕುಂದರ್ರಿ. ಎಲ್ಲರೂ ಒಂದ್ ಗಂಟಿಗಿ ಬರ್ತಾರ, ಆವಾಗೇ ಒಳಗ ಗೊಂದಲ ಆಗೋದು. ಮೊದಲ್ನೇ ಟೇಬಲ್ ನಿಮ್ದಾದ್ರ ಹಿರ್ಯಾರ ಊಟ ಟೈಮಿಗಿ ಆಗ್ತದ. ಹೆಸರು ಬರಸೋವಾಗೇ ಹಿರೇರು ಬರ್ತಾರ, 87 ವರ್ಷ, ಹಲ್ಲಿಲ್ಲ ಅಥವಾ ಖಾರ ಆಗೋದಿಲ್ಲ ಏನದ ಅದು ಹೇಳಿಬಿಡ್ರಿ, ಮಾಡ್ತಾರ. ಆದ್ರ ಅಲ್ಲಿ ಹೋಗಿ ಕುಂತ್ ಮ್ಯಾಲ ಅದ್ ಬ್ಯಾಡ ಇದ್ ಕೊಡ್ರಿ ಅನಬ್ಯಾಡ್ರಿ, ಮೆನು ಸಿಲೆಬಸ್ ಪ್ರಕಾರ ಇರ್ತದ, ಆವತ್ತು ಆ ಅಡಗಿ ಬಿಟ್ರ ಒಳಗ ಬ್ಯಾರೆ ಸಾಮಾನೇ ಇರೋದಿಲ್ಲ.

ಇನ್ನೊಂದ್ ಮಾತ್, ಇದು ಭಾಳ ಮುಖ್ಯ. ನಮ್ ಮಂದಿ ಒಳ್ಳೆ ಮನಸಿಂದ ಒಂದ್ ತಪ್ಪ್ ಮಾಡ್ತಾರ, ಪಾಪ ಪೋರಗೋಳು ಅಂತ ತಾವೇ ತಾಟ್ ಎತ್ತಿ ಕೈಯಾಗ ಕೊಡ್ತಾರ, ಟ್ರೇ ಮ್ಯಾಗಿನ ಗ್ಲಾಸ್ ತಾವೇ ತಗೋತಾರ. ದಯಮಾಡಿ ತಗೋಬ್ಯಾಡ್ರಿ. ಟ್ರೇ ಎಡಗೈ ಮ್ಯಾಗ ಇರ್ತದ, ಭಾರ ಎಲ್ಲಿ ಅದ ಅಂತ ಅಂವ ಲೆಕ್ಕ ಹಾಕಿ ಹಿಡದಿರ್ತಾನ, ನೀವ್ ಈ ಕಡಿಂದ ಒಂದ್ ಗ್ಲಾಸ್ ತಗೊಂಡ್ರ ಆ ಕಡಿ ಒಲಿತದ. ನನ್ ಸಂಗಟ ಒಬ್ರು ಕಾಕು ಹಂಗೇ "ಕೊಡಪ ನಾ ತಗೋತೀನಿ" ಅಂತ ಪ್ರೀತಿಲೇ ಎರಡ್ ಗ್ಲಾಸ್ ಎತ್ತಿದ್ರು, ಉಳದ ಆರ್ ಗ್ಲಾಸ್ ಅವರ ಇಲಕಲ್ ಸೀರಿ ಮ್ಯಾಗೇ ಹ್ವಾದವು. ಕಾಕು ಏನೂ ಅನಲಿಲ್ಲ, ನಾನೇ ಸ್ಟೋರ್ ರೂಮಿಗಿ ಹೋಗಿ ಅತ್ತೀನಿ.

ಟಿಪ್ಸ್ ಕೇಳಿದ್ರಿ, ಕೈಯಾಗ ಕೊಡಬ್ಯಾಡ್ರಿ. ನಮ್ ಕಾಲೇಜಿನ್ಯಾಗ ಒಂದ್ ಡಬ್ಬಿ ಇಟ್ಟಿದ್ರು, ಮನಸಿದ್ರ ಹಾಕಬಹುದಿತ್ತು. ವರ್ಷದ ಕೊನಿಗಿ ಆ ರೊಕ್ಕದಾಗ ಪಾರ್ಟಿ ಮಾಡ್ಬೇಕಂತ ಕನಸ್ ಕಂಡಿದ್ವಿ, ಅಷ್ಟೂ ಒಡದ ಗ್ಲಾಸಿನ ದಂಡಕ್ಕೇ ಹೋತು.

ಖಾಲಿಪೀಲಿ_ಕಾಕಾ

ಎಲ್ಲರೂ ಭಾಳ ಹೊಗಳತೀರಿ, ನಾ ಜರಾ ಉಲ್ಟಾ ಹೇಳ್ತೀನಿ. ನಾವ್ ನಾಲ್ಕ್ ಮಂದಿ ಬ್ಯಾರೆ ಊರಾಗ ಇಂಥದೇ ಒಂದ್ ಕಾಲೇಜಿನ ರೆಸ್ಟೋರೆಂಟಿಗಿ ಹೋಗಿದ್ವಿ, ಗೆಳೆಯನ ಮಗ ಅಲ್ಲಿ ಓದ್ತಿದ್ದ. ಸೂಪ್ ಬರ್ಲಾಕ 25 ನಿಮಿಷ, ಬಂದಿದ್ದು ಉಗರು ಬೆಚ್ಚಗ, ಆಮ್ಯಾಲ ಮೇನ್ ಕೋರ್ಸಿಗಿ ಇನ್ನೂ ಮುಕ್ಕಾಲ್ ತಾಸು. ಪನೀರ್ ರಬ್ಬರ್ ಆಗಿತ್ತು. ಒಬ್ಬ್ ಪೋರ ಬಂದು ಕೈ ಹಿಂದ ಕಟ್ಕೊಂಡು "ಎವರಿಥಿಂಗ್ ಈಸ್ ಓಕೆ ಸರ್?" ಅಂತ ಐದ್ ಸಲ ಕೇಳ್ದ, ಐದ್ ಸಲನೂ ತಾಟಿನ್ಯಾಗ ಏನೂ ಇರ್ಲಿಲ್ಲ. ಕೊನಿಗಿ ಬಿಲ್ಲಿನ್ಯಾಗ ಸರ್ವಿಸ್ ಚಾರ್ಜ್ ಬ್ಯಾರೆ!! ಅಲ್ರಿ ಕಲಿಯೋರು ಅವ್ರು, ಫೀಸ್ ಕಟ್ಟೋರು ಅವರಪ್ಪ, ನಮ್ ಹೊಟ್ಟಿ ಮ್ಯಾಗ ಪ್ರಯೋಗ ಮಾಡಿ ನಮ್ ಕಡಿಂದೇ ರೊಕ್ಕ ತಗೊಳ್ಳೋದು ಯಾ ನ್ಯಾಯ. ಅದೇ ರೊಕ್ಕಕ್ಕ ನಮ್ ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾ ಕಡಿ ಯಾ ಖಾನಾವಳಿಗಿ ಹೋದ್ರೂ ಹೊಟ್ಟಿ ತುಂಬ ಬಿಸಿ ರೊಟ್ಟಿ, ಎರಡ್ ಪಲ್ಯ, ಹಿಂಡಿ, ಮಸರು ಹಾಕಿ ಕಳಸ್ತಾರ. 87 ವರ್ಷದ ಹಿರ್ಯಾರ್ನ ಕರ್ಕೊಂಡ್ ಹೋಗಿ ತ್ರಾಸ್ ಕೊಡಬ್ಯಾಡ್ರಿ.

ಶಾಬಾದಕಲ್ಲು

ಕಾಕಾ ನೀವ್ ಹೇಳೋದೂ ಖರೇನೇ ಅದ, ಅದೇ ಅಂಜಿಕಿ ನಂದು. ಆದ್ರ ಹೋಗಲಿಲ್ಲಂದ್ರ ಮನ್ಯಾಗ ಇಕಿ ಒಂದ್ ತಿಂಗಳ ಮಾರಿ ಊದಸ್ಕೊಂಡ್ ಇರ್ತಾಳ. ಮೆನು ಕಳಸ್ಯಾಳ ನೋಡ್ರಿ, ಗುರುವಾರ ನಮ್ಮ ಕಲ್ಯಾಣ ಕರ್ನಾಟಕದ ಊಟನೇ ಅಂತ: ಟೊಮ್ಯಾಟೊ ಶೋರ್ಬಾ, ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ತೊಗರಿಬ್ಯಾಳಿ, ಅನ್ನ, ಗೋಧಿ ಹುಗ್ಗಿ. ಪೀಜಾ ಗೀಜಾ ಇದ್ದಿದ್ರ ಅಪ್ಪ ಸುಮ್ನ ಕುಂತು ಬರ್ತಿದ್ದ, ಇದು ಅಂವಗ ಗೊತ್ತಿದ್ದ ಊಟ, ಇನ್ನೂ ಕಷ್ಟ.

ಮಾಲದಂಡಿ_ಜ್ವಾಳ

ಅಣ್ಣಾ ನಾ ಜೇವರ್ಗಿ ರೋಡಿನ ಕಡಿ ಖಾನಾವಳಿ ನಡಸ್ತೀನಿ, ಇಪ್ಪತ್ತೊಂದು ವರ್ಷ ಆಯ್ತು, ದಿನಕ್ಕ ಮುನ್ನೂರು ರೊಟ್ಟಿ ಆಗ್ತಾವ. ರೊಟ್ಟಿ ಬಗ್ಗಿ ಹೇಳ್ತೀನಿ, ಉಳದದ್ದು ನನಗ ತಿಳಿಯೋದಿಲ್ಲ.

ಮೈದಾ ಗೋಧಿ ಹಿಟ್ಟಿನಂಗ ಜ್ವಾಳದ ಹಿಟ್ಟಿಗಿ ಅಂಟು ಇರೋದಿಲ್ರಿ, ಎಳದ್ರ ಹರೀತದ. ಅದಕ್ಕೇ ಕುದಿಯೋ ನೀರ್ ಹಾಕೋದು, ಆ ಬಿಸಿಗೇ ಹಿಟ್ಟು ಜಿಗಿ ಬಿಡ್ತದ, ಆಮ್ಯಾಲ ಅಂಗೈ ಬುಡದ್ಲೇ ಒತ್ತಿ ಒತ್ತಿ ನಾದಬೇಕು, ಕೈ ಸುಡ್ತದಂತ ನೀರ್ ಆರಸಿದ್ರ ಮುಗೀತು, ಬಡಿಯೋವಾಗ ಅಂಚಿನ್ಯಾಗ ಸೀಳ್ತದ. ಬಡದು ಹಂಚಿಗಿ ಹಾಕಿದ ಕೂಡ್ಲೇ ಮ್ಯಾಲ ನೀರ್ ಸವರಬೇಕು, ನೀರ್ ಆರೋದ್ರ ಒಳಗ ತಿರುವಬೇಕು, ಒಂದ್ ಕಣ್ಣ್ ಬ್ಯಾರೆ ಕಡಿ ಹೊಳ್ಳಿತಂದ್ರ ಉಬ್ಬೋದಿಲ್ಲ. ಎಲ್ಲಕ್ಕಿಂತ ಹಿಟ್ಟು. ಹಿಂಗಾರಿ ಮಾಲದಂಡಿ ಜ್ವಾಳ, ನಿನ್ನಿ ಮೊನ್ನಿ ಬೀಸಿದ್ದಿರಬೇಕು. ಹಳೆ ಹಿಟ್ಟಾದ್ರ ಯಾ ಕೈಯಿಂದ ಬಡದ್ರೂ ರೊಟ್ಟಿ ಮುರೀತದ, ನನ್ ಕೈಯಿಂದಾದ್ರೂ ಅಷ್ಟೇ.

ಹ್ವಾದ ವರ್ಷ ಒಂದ್ ಕಾಲೇಜಿನ್ಯಾಗಿಂದ ಎಂಟ್ ಹುಡುಗ್ರು ನನ್ ಕಡಿ ರೊಟ್ಟಿ ಕಲಿಲಾಕ ಬಂದಿದ್ರು. ವಹಿ ಪೆನ್ ಹಿಡಕೊಂಡು "ಆಂಟಿ ಹಿಟ್ಟು ಎಷ್ಟ್ ಗ್ರಾಮ್, ನೀರ್ ಎಷ್ಟ್ ಎಮ್ಮೆಲ್" ಅಂದ್ರು. ಕೈಗಿ ತಿಳಿಯೋತನ ಅಂದೆ, ಬರಕೊಂಡ್ರು ನೋಡ್ರಿ, "ಕೈಗೆ ತಿಳಿಯುವ ತನಕ" ಅಂತ. ಒಬ್ಬ ಹುಡ್ಗ ಮಾತ್ರ ಚೊಲೊ ಬಡದ, ಚಿತ್ತಾಪುರದ ಕಡಿಂವ, ಮನ್ಯಾಗ ಅವ್ವಗ ಬ್ಯಾನಿ ಅದ ತಾನೇ ಮಾಡ್ತೀನಿ ಅಂದ.

ಹುಡುಗ್ರು ಮಾಡಿದ ರೊಟ್ಟಿ ದಪ್ಪ ಇರ್ತದ, ಅಪ್ಪಾಜಿಗಿ ಮೊದ್ಲೇ ಹೇಳಿಡ್ರಿ. ಬ್ಯಾಳ್ಯಾಗ ಮುರದು ನೆನಸ್ಕೊಂಡು ಉಣ್ಲಿ.

ಬಿಳಿಕೋಟು

ನಾನು ಮೈಸೂರು ಕಡೆಯವನು, ಕಲಬುರಗಿಗೆ ಬಂದು ಎಂಟು ವರ್ಷ ಆಯ್ತು, ಇಂಥದೇ ಒಂದು ಕಾಲೇಜಲ್ಲಿ ಫುಡ್ ಪ್ರೊಡಕ್ಷನ್ ಪಾಠ ಮಾಡ್ತೀನಿ. ನಿಮ್ಮ ಮಗಳ ಕಾಲೇಜೇ ಇರಬಹುದು ಇಲ್ಲದೇ ಇರಬಹುದು, ಕೇಳಬೇಡಿ :)

ಕಾರ್ಡಿನ ವಿಷ್ಯ ಮೊದಲು. ನಮ್ಮಲ್ಲಿ ಗೆಸ್ಟ್ ಬರೆದಿದ್ದಕ್ಕೆ ನೇರವಾಗಿ ಮಾರ್ಕ್ಸ್ ಕಟ್ ಮಾಡಲ್ಲ. ಮಾರ್ಕ್ಸ್ ನಾವು ನೋಡಿದ್ದಕ್ಕೆ ಕೊಡ್ತೀವಿ, ಗ್ರೂಮಿಂಗು, ಜರ್ನಲ್ಲು, ಕೆಲಸದ ಕ್ರಮ, ಜಾಗ ಚೊಕ್ಕಟವಾಗಿ ಇಟ್ಕೊಂಡ್ರಾ ಅನ್ನೋದು. ಆದ್ರೆ ಸರ್ವಿಸ್ ಮುಗಿದ್ಮೇಲೆ ಎಲ್ರನ್ನೂ ನಿಲ್ಲಿಸಿಕೊಂಡು ಕಾರ್ಡುಗಳನ್ನ ಒಂದೊಂದೇ ಓದ್ತೀನಿ. ಹತ್ತರಲ್ಲಿ ಒಂಬತ್ತು ಕಾರ್ಡು "ವೆರಿ ನೈಸ್, ಗಾಡ್ ಬ್ಲೆಸ್ ಯು". ಅದರಿಂದ ನನಗೂ ಉಪಯೋಗ ಇಲ್ಲ ಮಕ್ಕಳಿಗೂ ಇಲ್ಲ. ಯಾವ ಪದಾರ್ಥ, ಏನಾಗಿತ್ತು, ಎಷ್ಟೊತ್ತು ಕಾದ್ರಿ, ಅಷ್ಟು ಬರೆದ್ರೆ ಸಾಕು. ನಿಮ್ಮ ತಂದೆಯವರಂಥ ಗೆಸ್ಟು ತಿಂಗಳಿಗೊಬ್ರು ಸಿಕ್ಕಿದ್ರೆ ನನ್ನ ಅರ್ಧ ಪಾಠ ಉಳಿಯುತ್ತೆ.

ಕಾಕಾ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸರ್ವಿಸ್ ಚಾರ್ಜ್ ಅಂತೂ ಯಾರೂ ಬಿಲ್ಲಲ್ಲಿ ತಾನಾಗೇ ಸೇರಿಸೋ ಹಾಗಿಲ್ಲ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತ್ತು, ಹೋಟೆಲಿನವರು ಕೋರ್ಟಿಗೆ ಹೋದ್ರು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿ ಸರಿ ಅಂತಾನೇ ಹೇಳ್ತು. ತೆಗೀರಿ ಅಂತ ಕೇಳೋ ಹಕ್ಕು ನಿಮಗಿದೆ, ಕಾಲೇಜಾದ್ರೂ ಅಷ್ಟೆ. ಸೂಪ್ ಉಗುರು ಬೆಚ್ಚಗಿತ್ತು ಅಂದ್ರಲ್ಲ, ಅದು ರುಚಿಯ ಪ್ರಶ್ನೆ ಮಾತ್ರ ಅಲ್ಲ. 5 ಡಿಗ್ರಿಯಿಂದ 60 ಡಿಗ್ರಿ ಒಳಗೆ ಅಡುಗೆ ಸುಮ್ಮನೆ ಕೂತಿದ್ರೆ ಕೀಟಾಣು ಬೆಳೆಯುತ್ತೆ, ಬಿಸಿ ಪದಾರ್ಥ 60ರ ಮೇಲೆ ಇರಬೇಕು ಅಂತ ಮೊದಲ್ನೇ ವಾರದಲ್ಲೇ ಹೇಳಿಕೊಡ್ತೀವಿ, ಥರ್ಮಾಮೀಟರ್ ಚುಚ್ಚಿ ನೋಡಿ ಬರೆದಿಡಬೇಕು. ಅಲ್ಲಿ ಯಾರೋ ನೋಡಿಲ್ಲ, ಮಕ್ಕಳಿಗಿಂತ ಹೆಚ್ಚಾಗಿ ಮೇಷ್ಟ್ರದ್ದು ತಪ್ಪು.

ಪ್ರಯೋಗ ಅಂದ್ರಿ, ಅದರಲ್ಲಿ ಅರ್ಧ ಮಾತ್ರ ಒಪ್ತೀನಿ. ಕೊಳಕು, ಹಸಿ, ಹಳಸಿದ್ದು, ಉಪ್ಪು ಜಾಸ್ತಿ ಆಗಿದ್ದು ನಮ್ಮನ್ನ ದಾಟಿ ಹೊರಗೆ ಬರಬಾರದು. ಆದ್ರೆ ಸಣ್ಣ ತಪ್ಪುಗಳನ್ನ ನಾನು ಬೇಕಂತಲೇ ಬಿಡ್ತೀನಿ. ಹುಡುಗ ಟೇಬಲ್ ನಾಲ್ಕರ ತಟ್ಟೆ ಟೇಬಲ್ ಆರಕ್ಕೆ ತಗೊಂಡ್ ಹೋಗ್ತಿದ್ದಾನೆ ಅಂತ ಗೊತ್ತಿದ್ರೂ ತಡೆಯಲ್ಲ. ತಡೆದ್ರೆ ನಾಳೆ ಮತ್ತೆ ಹೋಗ್ತಾನೆ, ಗೆಸ್ಟ್ ಮುಂದೆ ನಿಂತು ನಾಚಿಕೆ ಪಟ್ಕೊಂಡು ವಾಪಸ್ ಬಂದ್ರೆ ಜನ್ಮದಲ್ಲಿ ಮರೆಯಲ್ಲ. ನಾನೂ ಬೆಂಗಳೂರಿನ ಶೇಷಾದ್ರಿ ರಸ್ತೆ ಕಾಲೇಜಲ್ಲಿ ಹಾಗೇ ಕಲಿತವನು. ಮುಂಬೈಯಲ್ಲಿ 1954ರಲ್ಲಿ ಕೇಟರಿಂಗ್ ಕಾಲೇಜು ಶುರುವಾಯ್ತಲ್ಲ, ಈ ಓದಿಗೆ ನಮ್ಮ ದೇಶದಲ್ಲಿ ಅಷ್ಟು ವಯಸ್ಸಾಗಿದೆ, ಪುಸ್ತಕ ಓದಿ ಟ್ರೇ ಹಿಡಿಯೋದು ಕಲಿತವರು ಮಾತ್ರ ಇವತ್ತಿನವರೆಗೂ ಒಬ್ರೂ ಇಲ್ಲ.

ಇನ್ನೊಂದು, ಮಗಳು ಕೆಲಸದಲ್ಲಿ ಇದ್ದಾಗ ಅವಳನ್ನ ಮನೆ ಹೆಸರಿಂದ ಕರೀಬೇಡಿ. ಬೇರೆ ಟೇಬಲಿನವರು ನಗ್ತಾರೆ, ಅವಳಿಗೆ ಕೈ ಕಾಲು ಆಡಲ್ಲ.

ಬೀದರ್_ಕೋಟಿ

ನಮ್ ಅಕ್ಕ ಅಮೆರಿಕಾದಾಗ ನ್ಯೂಯಾರ್ಕ್ ರಾಜ್ಯದಾಗ ಹಾಳ, ಅಲ್ಲಿ ಹೈಡ್ ಪಾರ್ಕ್ ಅಂಬೋ ಊರಾಗ ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕಾ ಅಂತ ಅದ, ಭಾಳ ಹೆಸರಾದ ಅಡಗಿ ಕಾಲೇಜು, 1946ರಾಗ ಬ್ಯಾರೆ ಊರಾಗ ಶುರು ಆಗಿ 1972ರಾಗ ಹಡ್ಸನ್ ನದಿ ದಂಡಿಗಿ ಪಾದ್ರಿಗಳ ಒಂದ್ ಹಳೆ ಮಠದ ಕಟ್ಟಡಕ್ಕ ಬಂದದ್ದು. ಅಲ್ಲೂ ಹಿಂಗೇ, ಹುಡುಗ್ರೇ ನಡಸೋ ರೆಸ್ಟೋರೆಂಟ್, ಒಂದಲ್ಲ ಎರಡಲ್ಲ. ಒಂದಕ್ಕ ಪಾಲ್ ಬೋಕ್ಯೂಸ್ ಅಂಬೋ ಫ್ರೆಂಚ್ ಶೆಫ್ ಹೆಸರು ಇಟ್ಟಾರ, ಇನ್ನೊಂದು ಇಟಲಿ ಊಟದ್ದು, ಮತ್ತೊಂದು ಅಮೆರಿಕನ್ ಬೌಂಟಿ ಅಂತ. ಅಕ್ಕ ಹೋಗಿದ್ಳು, ಟೇಬಲ್ ಸಿಗೋದೇ ಕಷ್ಟ ಅಂದ್ಳು, ಮಂದಿ ಹುಟ್ಟಿದ ಹಬ್ಬಕ್ಕೆಲ್ಲ ಅಲ್ಲಿಗೇ ಹೋಗ್ತಾರಂತ. ಅಲ್ಲೂ ಬಡಸೋ ಹುಡ್ಗಿ ಕೈ ನಡಗ್ತಿತ್ತಂತ. ಕೈ ನಡಗೋದಕ್ಕ ಊರ್ ಯಾದಾದ್ರೇನ್ರಿ.

ನಮ್ ಬೀದರದಾಗ ಒಂದ್ ಆದ್ರ ನಾ ದಿನಾ ಹೋಗ್ತೀನಿ.

ಖಾಲಿಪೀಲಿ_ಕಾಕಾ

ಸರ್ವಿಸ್ ಚಾರ್ಜ್ ಮಾತ್ ಗೊತ್ತಿರ್ಲಿಲ್ಲ ಬಿಡ್ರಿ ಸರ್, ಗೊತ್ತಿದ್ರ ಆವತ್ತೇ ತೆಗಸ್ತಿದ್ದೆ. ಆದ್ರೂ ಪನೀರಿಂದ್ ನಾ ಮಾಫ್ ಮಾಡಂಗಿಲ್ಲ.

ಎಮ್ಮೆಸ್ಕೆಮಿಲ್_ಹುಡ್ಗ

ಪನೀರ್ ಜಾಸ್ತಿ ಹೊತ್ತು ಕುದಸಿದ್ರ ಹಂಗಾಗ್ತದ ಕಾಕಾ, ಪ್ರತಿ ಬ್ಯಾಚಿನ್ಯಾಗ ಒಬ್ಬಂವ ಮಾಡೇ ಮಾಡ್ತಾನ. ನಮ್ ಬ್ಯಾಚಿನಂವ ಈಗ ದುಬೈದಾಗ ಹಾನ, ಅವನಿಗಿ ಇನ್ನೂ ರಬ್ಬರ್ ಅಂತೇ ಕರೀತೀವಿ.

ಶಾಬಾದಕಲ್ಲು

ಹೋಗಿ ಬಂದ್ವಿ. ಎಲ್ಲರೂ ಹೇಳಿದ್ದು ಭಾಳ ಉಪಯೋಗ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಹನ್ನೆರಡು ಇಪ್ಪತ್ತಕ್ಕೇ ಬಾಗಿಲ ಮುಂದ ನಿಂತಿದ್ವಿ, ನಾನು, ಮನ್ಯಾಕಿ, ಅಪ್ಪ, ಸಣ್ಣ ಮಗ. ಅಪ್ಪ ಧೋತ್ರ, ಕರಿ ಟೊಪಗಿ, ಕೈಯಾಗ ಬಡಗಿ. ಬಿಸಿಲು ಅಂದ್ರ ನಮ್ ಊರ ಬಿಸಿಲು ನಿಮಗ ಗೊತ್ತೇ ಅದ, ಆ ಹುಡುಗ್ರು ಅಂಥಾದ್ರಾಗ ದಪ್ಪ ಬಿಳಿ ಕೋಟ್ ಹಾಕ್ಕೊಂಡ್ ಕುತ್ತಿಗಿ ತನ ಗುಂಡಿ ಹಾಕ್ಯಾರ. ಒಬ್ಬ್ ಹುಡ್ಗ ಕಿಚನ್ ಬಾಗಿಲ್ದಾಗ ಕೋಟ್ ಬಿಚ್ಚಿ ಒಂದ್ ಪದರ ಒಳಗ ಮಾಡಿ ಮತ್ತ ಹಾಕೊಂಡ. ಮಗಳ್ನ ಕೇಳಿದ್ರ ಅದು ಎರಡ್ ಪದರ ಇರ್ತದಂತ, ಕಲಿ ಬಿದ್ದ್ ಕಡಿ ಒಳಗ ಮುಚ್ಚಿ ಸ್ವಚ್ಛ ಇದ್ದದ್ದು ಮ್ಯಾಲ ತರ್ಲಾಕ. ಅಪ್ಪ ಅದನ್ನ ನೋಡಿ "ಹುಶಾರ್ ಹಾನ" ಅಂದ, ಆವತ್ತಿನ ಮೊದಲ್ನೇ ಹೊಗಳಿಕಿ ಆ ಕೋಟಿಗಿ ಬಂತು.

ಕುಂತ್ವಿ. ಮಗಳು ಬಂದ್ಳು. ಕರಿ ಪ್ಯಾಂಟ್, ಕರಿ ಜಾಕೀಟ್, ಕೂದಲಾ ಗಂಟ್ ಕಟ್ಟ್ಯಾಳ, ನನಗೇ ಒಂದ್ ಗಳಗಿ ಗುರುತ್ ಹತ್ತಲಿಲ್ಲ. ಬಂದು ಅಪ್ಪನ ಬಾಜು ನಿಂತು ಬಗ್ಗಿ "ಗುಡ್ ಆಫ್ಟರ್‌ನೂನ್ ಸರ್, ನೀರು ಹಾಕ್ಲಾ ಸರ್" ಅಂದ್ಳು. ಅಪ್ಪ ಹಿಂದ ತಿರುಗಿ ನೋಡ್ದ, ಯಾರಿಗಿ ಸರ್ ಅಂತಾಳಂತ. "ನಿಮಗೇ ಸರ್" ಅಂದ್ಳು. ಅಪ್ಪಗ ಏನ್ ಹೇಳಬೇಕು ತಿಳೀಲಿಲ್ಲ, ಅಂಗಡ್ಯಾಗ ನಲವತ್ತ್ ವರ್ಷ ಎಲ್ಲರಿಗೂ ತಾನೇ "ಏನ್ ಕೊಡ್ಲಿ ಸಾಹೇಬ್ರ" ಅಂದಂವ. "ಹಾಕವ್ವ" ಅಂದ. ನನ್ ಮನ್ಯಾಕಿ ನಗು ತಡಿಲಾರ್ದ ನ್ಯಾಪ್ಕಿನ್ ಬಾಯಿಗಿ ಹಿಡಕೊಂಡ್ಳು.

ಶೋರ್ಬಾ ಹನ್ನೆರಡು ನಲವತ್ತಕ್ಕ ಬಂತು, ಬಿಸಿ ಇತ್ತು (ಕಾಕಾ ನೋಟ್ ಮಾಡ್ಕೊರ್ರಿ). ಆಮ್ಯಾಲ ತಡ. ಪಕ್ಕದ ಟೇಬಲಿಗಿ ಹತ್ತ್ ಮಂದಿ ಒಮ್ಮೆ ಬಂದ್ರು, ಒಳಗಿಂದ ಒಬ್ಬ್ ಹುಡ್ಗ ಕೂಗೋದು ಹೊರಗ ತನ ಕೇಳಸ್ತಿತ್ತು, ಎಮ್ಮೆಸ್ಕೆಮಿಲ್ ತಮ್ಮಾ ನೀ ನೆನಪಾದಿ. ಅಪ್ಪ ಗಡಿಯಾರ ನೋಡ್ದ, ಬಡಗಿ ಕೈಗಿ ತಗೊಂಡ. ನನ್ ಜೀವ ಬಾಯಿಗಿ ಬಂತು. ಅಷ್ಟೊತ್ತಿಗಿ ರೊಟ್ಟಿ ಬಂತು, ಒಂದ್ ಗಂಟಿ ಐದ್ ನಿಮಿಷ. ದಪ್ಪ ಇತ್ತು, ಅಂಚ್ ಸೀಳಿತ್ತು, ಜರಾ ಆರಿತ್ತೂ ಆರಿತ್ತು. ಅಪ್ಪ ಮುರದ, ಕಟ್ ಅಂತ ಸಪ್ಪಳ ಬಂತು. ಏನೂ ಅನಲಿಲ್ಲ, ಖಾನಾವಳಿ ಅಕ್ಕ ಹೇಳಿದಂಗ ಬ್ಯಾಳ್ಯಾಗ ಅದ್ದಿದ. ಪುಂಡಿಪಲ್ಯ ಬಾಯಿಗಿ ಹಾಕ್ಕೊಂಡು ಜರಾ ಹೊತ್ತು ಸುಮ್ನಾದ, ಆಮ್ಯಾಲ ಕೇಳ್ದ, "ನುಚ್ಚು ಹಾಕ್ಯಾರಲ್ಲ, ಯಾರ್ ಹೇಳಿಕೊಟ್ಟಾರ ಇವ್ರಿಗಿ?" ನಮ್ಮವ್ವ ಇರೋತನ ಪುಂಡಿಪಲ್ಯಕ್ಕ ಜ್ವಾಳದ ನುಚ್ಚು ಹಾಕೇ ಮಾಡ್ತಿದ್ಳು, ಈಗ ನಮ್ ಮನ್ಯಾಗ ಬರೇ ಬ್ಯಾಳಿ ಹಾಕ್ತೀವಿ, ಲಗು ಆಗ್ತದಂತ. ಎರಡ್ನೇ ಸಲ ಹಾಕಸ್ಕೊಂಡ.

ಅನ್ನ ಬಡಸೋದು ಮಗಳ ಪಾಳಿ. ಎಡಗಡಿಂದ ಬಂದು, ಎಡಗೈಯಾಗ ಅನ್ನದ ತಾಟ್ ಹಿಡದು, ಬಲಗೈಯಾಗ ಚಮಚ ಫೋರ್ಕ್ ಎರಡೂ ಒಂದೇ ಕೈಯಾಗ ಚಿಮಟದಂಗ ಮಾಡಿ ಎತ್ತಬೇಕಂತ. ಮೊದ್ಲ ನನಗ ಹಾಕಿದ್ಳು, ಚೊಲೊ ಹಾಕಿದ್ಳು. ಅಪ್ಪನ ಹತ್ತ ಬರೋವಾಗ ಕೈ ನಡಗ್ಲಾಕ ಹತ್ತಿತು. ಅಪ್ಪ ರೂಢಿ ಪ್ರಕಾರ ಸಾಕು ಅಂತ ತಾಟಿನ ಮ್ಯಾಲ ಅಂಗೈ ಅಡ್ಡ ಹಿಡದ, ಅನ್ನ ಸೀದಾ ಅಂವನ ಅಂಗೈ ಮ್ಯಾಲೇ ಬಿತ್ತು, ಬಿಸಿ ಅನ್ನ. ಮಗಳು ಕಲ್ಲ್ ಆದ್ಳು. ಹಿಂದ ಅವರ ಸರ್ ಗ್ವಾಡಿಗಿ ಹತ್ತಿ ನಿಂತು ನೋಡ್ಲತ್ತಾರ, ಬರಲಿಲ್ಲ, ಬಿಳಿಕೋಟು ಸರ್ ಹೇಳಿದ್ದು ಇದೇ ಇರಬೇಕು. ಅಪ್ಪ ಆ ಅನ್ನ ಕೈಯಾಗಿಂದ ತಾಟಿಗಿ ಸುರಕೊಂಡು, ಕೈ ಝಾಡಸಿ, "ಇನ್ನೊಂದ್ ಚಮಚ ಹಾಕು" ಅಂದ. ಹಾಕಿದ್ಳು. ಈ ಸಲ ತಾಟಿನ್ಯಾಗೇ ಬಿತ್ತು.

ಕೊನಿಗಿ ಕಾರ್ಡ್. ಅದ್ರಾಗ ಇಂಗ್ಲಿಷಿನ್ಯಾಗ ಫುಡ್, ಸರ್ವಿಸ್ ಅಂತ ಐದೈದ್ ಚುಕ್ಕಿ ಇದ್ದವು. ನಾ ಎಲ್ಲಕ್ಕೂ ನಾಲ್ಕ್ ಹಾಕ್ಲಾಕ ಹೋಗಿದ್ದೆ, ಅಪ್ಪ ಕಸಗೊಂಡು ಹಿಂದ ತಿರುಗಿಸಿ, ಪೆನ್ನ್ ಇಸಗೊಂಡು, ಬಲದಿಂದ ಎಡಕ್ಕ ಬರೀಲಾಕ ಹತ್ತಿದ. ಉರ್ದು! ಹತ್ತ್ ನಿಮಿಷ ಬರದ. ನನಗ ಓದ್ಲಾಕ ಬರಂಗಿಲ್ಲ, ಮಗಳಿಗಿ ಬರಂಗಿಲ್ಲ, ಅವರ ಸರ್‌ಗೂ ಬರಂಗಿಲ್ಲ. ಕಡೀಕ ಭಾಂಡಿ ತೊಳಿಯೋ ಪಾಳಿದಾಗ ಇದ್ದ ಒಬ್ಬ್ ಹುಡ್ಗನ್ನ ಕರಸಿದ್ರು, ದರ್ಗಾದ ಕಡಿಂವ, ಕೈ ಮೊಣಕೈ ತನ ಸೋಪಿನ ನೊರಿ, ಕಾರ್ಡ್ ಮುಟ್ಲಾಕ ಅಂಜಿ ದೂರ ನಿಂತೇ ಓದ್ದ. ಎಲ್ಲರ ಮುಂದ. ರೊಟ್ಟಿ ಆರಿತ್ತು, ದಪ್ಪ ಇತ್ತು, ಹದಿನೈದ್ ನಿಮಿಷ ತಡ. ಪುಂಡಿಪಲ್ಯ ಮಾಡಿದಂವ ಯಾಂವ ಹಾನ ಅವನಿಗಿ ಸಲಾಂ. ಬದನಿಕಾಯಿಗಿ ಎಣ್ಣಿ ಕಮ್ಮಿ, ಎಣ್ಣಿಗಾಯಿ ಅಂತ ಹೆಸರಿಟ್ಟು ಜಿಪುಣತನ ಯಾಕ. ಅನ್ನ ಬಡಸೋ ಹುಡ್ಗಿ ಅವಸರ ಮಾಡಬಾರ್ದು. ಕೆಳಗ ಸಹಿ, ತಾರೀಖು.

ಪುಂಡಿಪಲ್ಯ ಮಾಡಿದಂವ ಒಳಗಿಂದ ಬಂದ, ಅಪ್ಪನ ಕಾಲಿಗಿ ಬಿದ್ದ. ಆಳಂದ ಕಡಿ ಹುಡ್ಗ ಅಂತ. ಅವನಿಗಿ ಹೇಳಿಕೊಟ್ಟದ್ದು ಅವರ ಆಯಿ ಅಂತ.

ಮನಿಗಿ ಬರೋವಾಗ ಆಟೋದಾಗ ಅಪ್ಪ ಒಂದೇ ಮಾತ್ ಅಂದ, "ಫೀಸ್ ಆದ್ರೂ ಜಾಸ್ತೀನೇ ಆಯ್ತು." ನಾ ಸುಮ್ನಿದ್ದೆ. ಟಿಪ್ಸ್ ಡಬ್ಬಿ ಇರ್ಲಿಲ್ಲ ಅಲ್ಲಿ, ಆದ್ರ ಮಗಳು ರಾತ್ರಿ ಮನಿಗಿ ಬಂದ್ ಮ್ಯಾಲ ಅಂವ ಕಿಸೆದಾಗಿಂದ ನೂರ್ ರೂಪಾಯಿ ತೆಗದು ಕೊಟ್ಟ, "ತಗೋರಿ ಮೇಡಂ" ಅಂದ.

ಬಿಳಿಕೋಟು

ಎಣ್ಣೆಗಾಯಿ ಮಾತು ಸರಿಯಾಗಿದೆ. ಆ ಕಾರ್ಡು ಯಾವ ಕಾಲೇಜಿನದೋ ನಾನು ಹೇಳಲ್ಲ, ಆದ್ರೆ ಲ್ಯಾಮಿನೇಟ್ ಮಾಡಿ ಪಾಸ್ ಹತ್ರ, ಅಂದ್ರೆ ಕಿಚನ್ನಿಂದ ತಟ್ಟೆ ಹೊರಗೆ ಕೊಡೋ ಕಟ್ಟೆ ಹತ್ರ, ಅಂಟಿಸಿದ್ದಾರೆ ಅಂತ ಕೇಳಿದೆ.

ಮಾಲದಂಡಿ_ಜ್ವಾಳ

ಅಣ್ಣಾ ರೊಟ್ಟಿ ಕಟ್ ಅಂದದ್ದು ಓದಿ ರಾತ್ರಿ ನಿದ್ದಿ ಹತ್ತಲಿಲ್ಲ. ಹಿಟ್ಟು ಯಾವಾಗ ಬೀಸಿದ್ದು ಅಂತ ಮಗಳಿಗಿ ಕೇಳ್ರಿ.

ಶಾಬಾದಕಲ್ಲು

ಕೇಳಿದೆ ಅಕ್ಕಾ. ಪಾಕೀಟ್ ಹಿಟ್ಟಂತ, ಸ್ಟೋರಿನ್ಯಾಗ ಒಂದ್ ತಿಂಗಳಿಂದ ಇತ್ತಂತ.

ಮಾಲದಂಡಿ_ಜ್ವಾಳ

ಅಯ್ಯ, ಹಂಗಿದ್ರ ಪೋರಗೋಳಿಗಿ ಯಾಕ್ ಅನ್ಬೇಕ್ರಿ. ನಾ ಸೋಮವಾರ ಗಿರಣಿಗಿ ಹೋಗ್ತೀ‌ನಿ, ನಾಲ್ಕ್ ಕಿಲೋ ಹೆಚ್ಚಿಗಿ ಬೀಸಸ್ತೀನಿ. ಮಗಳಿಗಿ ಬಂದು ಒಯ್ಯಿ ಅಂತ ಹೇಳ್ರಿ, ಡಬ್ಬಿ ಮಾತ್ರ ವಾಪಸ್ ತಂದು ಕೊಡಬೇಕು.